ಸರ್ವರ್ ಇಲ್ಲದ ಕಚೇರಿಯಲ್ಲಿ ಕಡತ ಹಂಚಿಕೆ: ಸಿಂಕ್‌ಥಿಂಗ್ ತಂತ್ರಾಂಶದ ವಿಮರ್ಶೆ

ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದಲ್ಲಿ ಪ್ರಧಾನ ಕಚೇರಿಯನ್ನೂ ಸೇಡಂ, ಜೇವರ್ಗಿ, ಆಳಂದ ಹಾಗೂ ಶಹಾಪುರಗಳಲ್ಲಿ ಶಾಖೆಗಳನ್ನೂ ಹೊಂದಿರುವ ಒಂದು ಪತ್ತಿನ ಸಹಕಾರ ಸಂಘದ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಅಲ್ಲಿ ಕೆಲವು ಕಾಲದಿಂದ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ ಬಳಕೆಯಲ್ಲಿದೆ. ಅದರಿಂದ ನಾವು ಬಯಸುವ ಕೆಲಸ ಒಂದೇ: ಪ್ರಧಾನ ಕಚೇರಿಯ ಒಂದು ಫೋಲ್ಡರ್‌ನಲ್ಲಿ ಇಟ್ಟ ಕಡತವು, ಯಾರೂ ಪೆನ್‌ಡ್ರೈವ್ ಹಿಡಿದು ಓಡಾಡದೆ, ಯಾರೂ ವಾಟ್ಸಾಪ್‌ನಲ್ಲಿ ಕಳಿಸದೆ, ಸಂಘದ ಎಲ್ಲ ಕಂಪ್ಯೂಟರ್‌ಗಳಲ್ಲೂ ಅದೇ ಹೆಸರಿನಲ್ಲಿ ಅದೇ ಜಾಗದಲ್ಲಿ ತಾನಾಗಿ ಬಂದು ಕೂರಬೇಕು. ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೆಡೆಯಿಂದ ನಿಯಂತ್ರಿಸುವ ಡೊಮೇನ್ ಸರ್ವರ್ ಇಲ್ಲದ, ಹತ್ತರಿಂದ ಐವತ್ತು ಕಂಪ್ಯೂಟರ್‌ಗಳಿರುವ ನಮ್ಮ ಭಾಗದ ಕಚೇರಿಗಳಿಗೆ ಈ ಕೆಲಸದಲ್ಲಿ ಇದಕ್ಕಿಂತ ಒಗ್ಗುವ ಸಾಧನವನ್ನು ನಾನು ಕಂಡಿಲ್ಲ. ಆದರೆ ಇದು ಹುಟ್ಟಿನಿಂದ ಸಮಾನರ ನಡುವೆ ಕಡತ ಹೊಂದಿಸುವ ತಂತ್ರಾಂಶ. ಒಬ್ಬರು ಬರೆದು ಉಳಿದವರು ಓದುವ ಕಚೇರಿಯ ಕ್ರಮವನ್ನು ಅದಕ್ಕೆ ನಾವೇ ಕಲಿಸಬೇಕಾಗುತ್ತದೆ. ಕಲಿಸದೆ ಬಿಟ್ಟರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು.

ಹಂಚಬೇಕಾದ ಕಡತಗಳು ಯಾವುವು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಸಾಧನದ ಆಯ್ಕೆ ಅದರ ಮೇಲೆ ನಿಂತಿದೆ. ಠೇವಣಿ ಮತ್ತು ಸಾಲದ ಬಡ್ಡಿ ದರದ ಪಟ್ಟಿ, ಸಾಲದ ಅರ್ಜಿ ನಮೂನೆ, ಜಾಮೀನು ಪತ್ರದ ನಮೂನೆ, ಆಡಳಿತ ಮಂಡಳಿಯ ಸುತ್ತೋಲೆಗಳು, ರಜಾ ಪಟ್ಟಿ, ಸಂಘದ ತಲೆಬರಹವಿರುವ ಪತ್ರದ ಮಾದರಿ, ಬೆರಳಚ್ಚಿಗೆ ಬೇಕಾದ ನುಡಿ ಅಕ್ಷರಶೈಲಿಗಳು. ಇವೆಲ್ಲ ಸೇರಿದರೂ ಇನ್ನೂರು ಎಂಬಿ ದಾಟುವುದಿಲ್ಲ. ಗಾತ್ರ ಸಣ್ಣದು, ಆದರೆ ತಪ್ಪು ಪ್ರತಿಯ ಬೆಲೆ ದೊಡ್ಡದು. ಬಡ್ಡಿ ದರ ಪರಿಷ್ಕರಣೆಯಾದ ಮರುದಿನ ಶಾಖೆಯೊಂದರಲ್ಲಿ ಹಳೆಯ ಪಟ್ಟಿ ನೋಡಿ ಠೇವಣಿ ರಸೀದಿ ಬರೆದುಕೊಟ್ಟರೆ, ಅದನ್ನು ಸರಿಪಡಿಸಲು ಸದಸ್ಯರನ್ನು ಮತ್ತೆ ಕರೆಸಬೇಕು, ಕ್ಷಮೆ ಕೇಳಬೇಕು, ಲೆಕ್ಕಪರಿಶೋಧನೆಯಲ್ಲಿ ವಿವರಣೆ ಕೊಡಬೇಕು. ಹಿಂದೆ ಸುತ್ತೋಲೆ ಹೊರಡಿಸಿದ ವಾರದಲ್ಲೆಲ್ಲ ಶಾಖೆಗಳಿಂದ ಬರುತ್ತಿದ್ದ ಫೋನ್ ಕರೆಯ ಧಾಟಿ ಒಂದೇ ಆಗಿತ್ತು: “ಸರ್, ನಮ್ ಕಂಪ್ಯೂಟರಿನ್ಯಾಗ ಇನ್ನಾ ಹಳೇದೇ ಅದರಿ.” ವಾಟ್ಸಾಪ್ ಗುಂಪಿನಲ್ಲಿ ಕಳಿಸಿದ ಕಡತ ಫೋನಿನಲ್ಲಿ ಉಳಿಯುತ್ತದೆ, ಕಂಪ್ಯೂಟರಿಗೆ ಇಳಿಸಿಕೊಂಡವರು ಇಳಿಸಿಕೊಳ್ಳುತ್ತಾರೆ, ಇಳಿಸಿಕೊಂಡ ಮೇಲೂ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬೆಳೆಯುತ್ತಾ ಹೋಗಿ ಯಾವುದು ಹೊಸದೆಂಬುದು ಯಾರಿಗೂ ತಿಳಿಯದಂತಾಗುತ್ತದೆ.

ಪರ್ಯಾಯಗಳನ್ನು ಪರಿಶೀಲಿಸದೆ ಇದನ್ನು ಆರಿಸಿಕೊಂಡದ್ದಲ್ಲ. ಎಲ್ಲರಿಗೂ ಮೊದಲು ಹೊಳೆಯುವುದು, ಒಂದು ಕಂಪ್ಯೂಟರ್‌ನಲ್ಲಿ ಹಂಚಿಕೆಯ ಫೋಲ್ಡರ್ ತೆರೆದು ಎಲ್ಲರೂ ಅದನ್ನೇ ನೋಡಲಿ ಎಂಬ ಉಪಾಯ. ಸಾಮಾನ್ಯ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್ ಹೀಗೆ ಏಕಕಾಲದಲ್ಲಿ 20 ಸಂಪರ್ಕಗಳನ್ನು ಮಾತ್ರ ಸ್ವೀಕರಿಸುತ್ತದೆ. ಇಪ್ಪತ್ತೊಂದನೆಯ ಗುಮಾಸ್ತರಿಗೆ ಬಾಗಿಲು ಮುಚ್ಚಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಒಂದು ಕಂಪ್ಯೂಟರ್ ಆರಿದರೆ ಇಡೀ ಕಚೇರಿಗೆ ನಮೂನೆಗಳಿಲ್ಲ.

ಎರಡನೆಯದು ವಿಂಡೋಸ್‌ನೊಂದಿಗೇ ಬರುವ, ಕಡತ ನಕಲಿಸುವ ಆಜ್ಞೆಯಾದ ರೋಬೋಕಾಪಿ. ಇದು ಹಳೆಯ, ಗಟ್ಟಿಯಾದ, ಯಾವ ಖರ್ಚೂ ಇಲ್ಲದ ಸಾಧನ. ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿದರೆ ನಿಗದಿತ ಹೊತ್ತಿಗೆ ತಾನೇ ಓಡುತ್ತದೆ. ಆದರೆ ಅದರ ಮೂಲ ಹೊಂದಿಕೆಯಲ್ಲಿ, ಒಂದು ಕಡತ ನಕಲಾಗದಿದ್ದರೆ ಹತ್ತು ಲಕ್ಷ ಬಾರಿ, ಪ್ರತಿ ಬಾರಿಗೂ 30 ಸೆಕೆಂಡು ಕಾದು ಮರುಪ್ರಯತ್ನ ಮಾಡು ಎಂದು ಬರೆದಿದೆ. ಯಾರೋ ಎಕ್ಸೆಲ್ ಕಡತ ತೆರೆದಿಟ್ಟು ಊಟಕ್ಕೆ ಹೋದರೆ ರೋಬೋಕಾಪಿ ಅಲ್ಲೇ ಕಾಯುತ್ತಾ ನಿಂತುಬಿಡುತ್ತದೆ. ಮರುಪ್ರಯತ್ನದ ಸಂಖ್ಯೆಯನ್ನು ಎರಡಕ್ಕೆ ಇಳಿಸುವುದು ಮೊದಲ ಕೆಲಸ. ಕನ್ನಡಿಯಂತೆ ಹೊಂದಿಸುವ ‘ಮಿರ್’ ಆಯ್ಕೆ ಗುರಿಯ ಫೋಲ್ಡರ್‌ನಲ್ಲಿರುವ ಹೆಚ್ಚುವರಿ ಕಡತಗಳನ್ನು ಅಳಿಸಿಹಾಕುತ್ತದೆ ಎಂಬ ಎಚ್ಚರವೂ ಬೇಕು. ಎಲ್ಲ ಸರಿಯಾಗಿ ನಕಲಾದಾಗಲೂ ಅದು ಹಿಂತಿರುಗಿಸುವ ಸಂಕೇತ ಸೊನ್ನೆಯಲ್ಲ, ಒಂದು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ವೈಫಲ್ಯ. ಇದನ್ನು ಅರಿಯದವರು ಶೆಡ್ಯೂಲರ್‌ನ ಫಲಿತಾಂಶ ನೋಡಿ ಕೆಲಸ ಕೆಟ್ಟಿದೆಯೆಂದು ಭಾವಿಸುವುದು ಸಾಮಾನ್ಯ. ಇವನ್ನೆಲ್ಲ ಸರಿಪಡಿಸಿಕೊಂಡರೂ ನಿಗದಿತ ಹೊತ್ತಿನಲ್ಲಿ ಎರಡೂ ಕಡೆಯ ಕಂಪ್ಯೂಟರ್‌ಗಳು ಚಾಲೂ ಇರಬೇಕೆಂಬ ಕಟ್ಟಳೆ ಉಳಿಯುತ್ತದೆ. ಅದು ನಮ್ಮಲ್ಲಿ ನಡೆಯುವುದಿಲ್ಲ.

ಮೂರನೆಯದು ಗ್ರೂಪ್ ಪಾಲಿಸಿ, ಅಂದರೆ ಡೊಮೇನ್ ಸರ್ವರ್‌ನಿಂದ ಎಲ್ಲ ಕಂಪ್ಯೂಟರ್‌ಗಳಿಗೂ ಹೊಂದಿಕೆಗಳನ್ನು ಹೇರುವ ವ್ಯವಸ್ಥೆ. ಆಕ್ಟಿವ್ ಡೈರೆಕ್ಟರಿ ಎಂಬ ಡೊಮೇನ್ ವ್ಯವಸ್ಥೆ ಇರುವ ಕಚೇರಿಗೆ ಇದೇ ಸರಿಯಾದ ದಾರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ: ಕಡತವನ್ನು ಒಮ್ಮೆ ಸೂಚಿಸಿದರೆ ಸಾಕು, ಪ್ರತಿ ಕಂಪ್ಯೂಟರ್ ಸುಮಾರು 90 ನಿಮಿಷಕ್ಕೊಮ್ಮೆ, ಎಲ್ಲವೂ ಒಟ್ಟಿಗೆ ನುಗ್ಗದಂತೆ 30 ನಿಮಿಷದವರೆಗಿನ ಹೆಚ್ಚುಕಡಿಮೆಯೊಂದಿಗೆ, ತಾನೇ ವಿಚಾರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ವಿಂಡೋಸ್ ಸರ್ವರ್ ಬೇಕು, ಬಳಕೆದಾರರ ಲೆಕ್ಕದಲ್ಲಿ ಪರವಾನಗಿ ಬೇಕು, ಪ್ರತಿ ಕಂಪ್ಯೂಟರ್‌ನಲ್ಲೂ ಪ್ರೊ ಆವೃತ್ತಿ ಬೇಕು. ಅಂಗಡಿಯಿಂದ ಕೊಂಡು ತಂದ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಹೋಮ್ ಆವೃತ್ತಿಯೇ ಇರುವುದರಿಂದ ಅವು ಡೊಮೇನ್‌ಗೆ ಸೇರುವುದೇ ಇಲ್ಲ. ಬಡ್ಡಿ ದರದ ಪಟ್ಟಿ ಹಂಚಲು ಸರ್ವರ್ ಕೊಳ್ಳಬೇಕು ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಪ್ರಸ್ತಾಪಿಸುವ ಧೈರ್ಯ ಯಾವ ಕಾರ್ಯದರ್ಶಿಗೂ ಇರಲಿಕ್ಕಿಲ್ಲ.

ಹೀಗೆ ಉಳಿದದ್ದು ಸಿಂಕ್‌ಥಿಂಗ್. 2013ರಲ್ಲಿ ಸ್ವೀಡನ್ನಿನ ಯಾಕೋಬ್ ಬೋರ್ಗ್ ಆರಂಭಿಸಿದ ಈ ಯೋಜನೆ ಮುಕ್ತ ಆಕರದ್ದು. ಮೊಜಿಲ್ಲಾ ಸಾರ್ವಜನಿಕ ಪರವಾನಗಿಯಡಿ ಯಾರು ಬೇಕಾದರೂ, ಎಷ್ಟು ಕಂಪ್ಯೂಟರ್‌ಗಳಲ್ಲಿ ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ಮಧ್ಯದಲ್ಲಿ ಯಾವ ಕಂಪನಿಯ ಮೋಡದ (ಕ್ಲೌಡ್) ಸಂಗ್ರಹವೂ ಇಲ್ಲ, ಖಾತೆ ತೆರೆಯುವ ಅಗತ್ಯವೂ ಇಲ್ಲ. ಪ್ರತಿ ಕಂಪ್ಯೂಟರ್‌ನಲ್ಲಿ ಇದು ಮೊದಲ ಬಾರಿಗೆ ಓಡಿದಾಗ ಅದಕ್ಕೊಂದು ಡಿಜಿಟಲ್ ಪ್ರಮಾಣಪತ್ರ ಸೃಷ್ಟಿಯಾಗುತ್ತದೆ, ಆ ಪ್ರಮಾಣಪತ್ರದಿಂದ ಏಳೇಳು ಅಕ್ಷರಗಳ ಎಂಟು ಗುಂಪುಗಳ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆ. ಎರಡು ಕಂಪ್ಯೂಟರ್‌ಗಳು ಪರಸ್ಪರರ ಗುರುತನ್ನು ಒಪ್ಪಿಕೊಂಡರೆ ಮಾತ್ರ ಅವುಗಳ ನಡುವೆ ಮಾತುಕತೆ, ಅದೂ ಗೂಢಲಿಪೀಕರಣದ ಮೂಲಕ. ಕಡತಗಳನ್ನು 128 ಕಿಲೋಬೈಟ್‌ನಿಂದ 16 ಮೆಗಾಬೈಟ್‌ವರೆಗಿನ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೊಹರನ್ನು, ಅಂದರೆ ಅದರ ಒಳಗಿನದರಿಂದ ಹುಟ್ಟುವ ಗುರುತಿನ ಸಂಕೇತವನ್ನು (ಹ್ಯಾಶ್), ಲೆಕ್ಕ ಹಾಕಿ, ಬದಲಾದ ತುಂಡುಗಳನ್ನು ಮಾತ್ರ ಸಾಗಿಸುತ್ತದೆ. ಆದರೆ ಈ ಕೊನೆಯ ಗುಣವನ್ನು ಕಚೇರಿ ಕೆಲಸದಲ್ಲಿ ಹೆಚ್ಚು ಹೊಗಳಬೇಕಾಗಿಲ್ಲ: ವರ್ಡ್ ಮತ್ತು ಎಕ್ಸೆಲ್ ಕಡತಗಳು ಒಳಗಿನಿಂದ ಜಿಪ್ ಪೊಟ್ಟಣಗಳಾಗಿರುವುದರಿಂದ ಒಂದು ಸಾಲು ತಿದ್ದಿದರೂ ಹೆಚ್ಚುಕಡಿಮೆ ಇಡೀ ಕಡತವೇ ಬದಲಾಗುತ್ತದೆ. ನಮ್ಮ ಕಡತಗಳು ಸಣ್ಣವಾದ್ದರಿಂದ ಅದು ಬಾಧಿಸುವುದಿಲ್ಲ, ಅಷ್ಟೇ.

ನಮ್ಮಂಥ ಊರಿಗೆ ಇದರ ನಿಜವಾದ ಬಲ ಇರುವುದು ಬೇರೆಡೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನ ವಿದ್ಯುತ್ ಹೋಗುವುದು, ಯುಪಿಎಸ್ ಸೋತು ಅರ್ಧದಷ್ಟು ಕಂಪ್ಯೂಟರ್‌ಗಳು ಆರುವುದು, ಸಂಜೆ ಬೇರೆ ಅರ್ಧ ಚಾಲೂ ಆಗುವುದು ನಡೆದೇ ಇರುತ್ತದೆ. ಸಿಂಕ್‌ಥಿಂಗ್‌ಗೆ ಇದು ತೊಡಕಲ್ಲ. ಕಂಪ್ಯೂಟರ್ ಯಾವಾಗ ಮತ್ತೆ ಹೊತ್ತಿಕೊಳ್ಳುತ್ತದೆಯೋ ಆಗ, ತನ್ನಲ್ಲಿಲ್ಲದ್ದು ಯಾರ ಬಳಿ ಇದೆಯೆಂದು ಕೇಳಿ ತರಿಸಿಕೊಳ್ಳುತ್ತದೆ. ಕಡತವೊಂದು ಅರ್ಧ ಇಳಿದಿದ್ದಾಗ ವಿದ್ಯುತ್ ಹೋದರೆ ಆ ಅರ್ಧವು ತಾತ್ಕಾಲಿಕ ಹೆಸರಿನಲ್ಲಿ ಪಕ್ಕಕ್ಕೆ ಉಳಿದಿರುತ್ತದೆ. ಮೂಲ ಹೊಂದಿಕೆಯಲ್ಲಿ ಅಂಥ ತುಣುಕುಗಳನ್ನು 24 ಗಂಟೆಗಳವರೆಗೆ ಕಾಯ್ದಿಡಲಾಗುತ್ತದೆ, ಉಳಿದರ್ಧ ಮಾತ್ರ ಮತ್ತೆ ಬರುತ್ತದೆ. ಪೂರ್ತಿ ಬಂದು, ಮೊಹರು ತಾಳೆಯಾದ ಮೇಲೆಯೇ ಹಳೆಯ ಕಡತದ ಜಾಗದಲ್ಲಿ ಹೊಸದು ಕೂರುತ್ತದೆ. ಆದ್ದರಿಂದ ಅರೆಬರೆ ಕಡತ ಗುಮಾಸ್ತರ ಕಣ್ಣಿಗೆ ಬೀಳುವುದಿಲ್ಲ. ಫೋಲ್ಡರ್‌ನಲ್ಲಿ ಏನಾದರೂ ಬದಲಾದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಗಮನಿಸುತ್ತದೆ. ಅದು ತಪ್ಪಿದರೂ ಗಂಟೆಗೊಮ್ಮೆ ಇಡೀ ಫೋಲ್ಡರನ್ನು ಮತ್ತೆ ಜಾಲಾಡುತ್ತದೆ.

ಕಳಿಸುವ ಕಂಪ್ಯೂಟರ್ ಒಂದೇ ಎಲ್ಲರಿಗೂ ಹೊರಬೇಕಾಗಿಲ್ಲ ಎಂಬುದೂ ಮುಖ್ಯ. ಹಳೆಯ ಕಚೇರಿಗಳಲ್ಲಿ ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸಲು ಇನ್ನೂ 100 ಎಂಬಿಪಿಎಸ್ ಸ್ವಿಚ್‌ಗಳೇ ಇವೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಇನ್ನೂರು ಎಂಬಿ ಫೋಲ್ಡರನ್ನು ಮೂವತ್ತು ಕಂಪ್ಯೂಟರ್‌ಗಳಿಗೆ ಒಂದೇ ಕಂಪ್ಯೂಟರ್ ಕಳಿಸಿದರೆ ಆರು ಜಿಬಿ, ಸ್ವಿಚ್ಚಿನ ಆ ಒಂದು ತೂತಿನಿಂದ ಕನಿಷ್ಠ ಎಂಟು ನಿಮಿಷ. ಸಿಂಕ್‌ಥಿಂಗ್‌ನಲ್ಲಿ ಮೊದಲು ಪಡೆದ ಕಂಪ್ಯೂಟರ್‌ಗಳು ಉಳಿದವಕ್ಕೆ ತುಂಡುಗಳನ್ನು ಕೊಡಬಲ್ಲವು. ಆದರೆ ಅದಕ್ಕೊಂದು ಷರತ್ತಿದೆ: ಆ ಕಂಪ್ಯೂಟರ್‌ಗಳಿಗೆ ಪರಸ್ಪರ ಪರಿಚಯವಿರಬೇಕು. ಪ್ರಧಾನ ಕಂಪ್ಯೂಟರ್‌ನೊಂದಿಗೆ ಮಾತ್ರ ಎಲ್ಲವನ್ನೂ ಜೋಡಿಸಿ ಬಿಟ್ಟರೆ ಈ ಸೌಲಭ್ಯ ಸಿಗುವುದಿಲ್ಲ. ಮೂವತ್ತು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಕೈಯಿಂದ ಪರಿಚಯಿಸುವುದು ಅಸಾಧ್ಯವಾದ್ದರಿಂದ ‘ಇಂಟ್ರೊಡ್ಯೂಸರ್’ ಎಂಬ ಆಯ್ಕೆ ಇದೆ. ಪ್ರಧಾನ ಕಂಪ್ಯೂಟರನ್ನು ಪರಿಚಯಕಾರನೆಂದು ಗುರುತಿಸಿದರೆ, ಅದಕ್ಕೆ ತಿಳಿದವರೆಲ್ಲ ಉಳಿದವರಿಗೂ ತಿಳಿಯುತ್ತಾರೆ. ಇಬ್ಬರನ್ನು ಪರಸ್ಪರರಿಗೆ ಪರಿಚಯಕಾರರನ್ನಾಗಿ ಮಾತ್ರ ಮಾಡಬಾರದು. ಹಾಗೆ ಮಾಡಿದರೆ, ತೆಗೆದುಹಾಕಿದ ಕಂಪ್ಯೂಟರ್ ಒಬ್ಬರಿಂದೊಬ್ಬರಿಗೆ ಮತ್ತೆ ಮತ್ತೆ ಮರಳಿ ಬರುತ್ತಲೇ ಇರುತ್ತದೆ.

ಈಗ ದಿಕ್ಕಿನ ಮಾತು. ಈ ವಿಮರ್ಶೆಯಲ್ಲಿ ಒಂದೇ ಒಂದು ಭಾಗವನ್ನು ಓದುವ ವ್ಯವಧಾನವಿರುವವರು ಇದನ್ನು ಓದಬೇಕು. ಹೊಸದಾಗಿ ಫೋಲ್ಡರ್ ಸೇರಿಸಿದಾಗ ಸಿಂಕ್‌ಥಿಂಗ್ ಅದನ್ನು ‘ಸೆಂಡ್ ಅಂಡ್ ರಿಸೀವ್’ ಎಂದು, ಅಂದರೆ ಎರಡೂ ದಿಕ್ಕಿನದು ಎಂದು ಭಾವಿಸುತ್ತದೆ. ಆ ಸ್ಥಿತಿಯಲ್ಲಿ ಆಳಂದ ಶಾಖೆಯ ಹೊಸ ಹುಡುಗನೊಬ್ಬ ಸಾಲದ ಅರ್ಜಿ ನಮೂನೆಯನ್ನು ತೆರೆದು, ಸದಸ್ಯರೊಬ್ಬರ ಹೆಸರು, ವಿಳಾಸ, ಆಧಾರ್ ಸಂಖ್ಯೆಯನ್ನು ತುಂಬಿ, ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದರೆ, ಆ ಸದಸ್ಯರ ವಿವರ ಕೆಲವೇ ಕ್ಷಣಗಳಲ್ಲಿ ಐದೂ ಊರುಗಳ ಎಲ್ಲ ಕಂಪ್ಯೂಟರ್‌ಗಳಲ್ಲಿ ನಮೂನೆಯಾಗಿ ಕೂತಿರುತ್ತದೆ. ತಂತ್ರಾಂಶ ತನಗೆ ಹೇಳಿದ್ದನ್ನೇ ಮಾಡಿರುತ್ತದೆ. ಆದ್ದರಿಂದ ಪ್ರಧಾನ ಕಚೇರಿಯ ಮೂಲ ಕಂಪ್ಯೂಟರ್‌ನಲ್ಲಿ ಫೋಲ್ಡರನ್ನು ‘ಸೆಂಡ್ ಓನ್ಲಿ’ ಎಂದೂ, ಉಳಿದ ಎಲ್ಲ ಕಡೆ ‘ರಿಸೀವ್ ಓನ್ಲಿ’ ಎಂದೂ ಹೊಂದಿಸುವುದು ಕಡ್ಡಾಯ. ಪಡೆಯುವ ಕಡೆ ಯಾರಾದರೂ ತಿದ್ದಿದರೆ ಆ ತಿದ್ದುಪಡಿ ಹೊರಗೆ ಹರಡುವುದಿಲ್ಲ. ಆ ಕಂಪ್ಯೂಟರ್‌ನ ಪರದೆಯಲ್ಲಿ ‘ರಿವರ್ಟ್ ಲೋಕಲ್ ಚೇಂಜಸ್’ ಎಂಬ ಗುಂಡಿ ಕಾಣಿಸಿಕೊಳ್ಳುತ್ತದೆ, ಒತ್ತಿದರೆ ಮೂಲ ಪ್ರತಿ ಮರಳುತ್ತದೆ.

ಆದರೆ ಸೂಕ್ಷ್ಮವಾಗಿ ಗಮನಿಸಬೇಕು: ‘ರಿಸೀವ್ ಓನ್ಲಿ’ ಎಂಬುದು ಹರಡುವುದನ್ನು ತಡೆಯುತ್ತದೆಯೇ ಹೊರತು ತಿದ್ದುವುದನ್ನು ತಡೆಯುವುದಿಲ್ಲ. ಆ ಒಂದು ಕಂಪ್ಯೂಟರ್‌ನಲ್ಲಿ ಕೆಟ್ಟ ಪ್ರತಿ ಕೆಟ್ಟೇ ಇರುತ್ತದೆ, ಯಾರಾದರೂ ಗುಂಡಿ ಒತ್ತುವವರೆಗೆ. ಇದಕ್ಕೆ ನಾವು ಕಂಡುಕೊಂಡ ದಾರಿ ವಿಂಡೋಸ್‌ನದ್ದೇ. ಸಿಂಕ್‌ಥಿಂಗನ್ನು ಗುಮಾಸ್ತರ ಲಾಗಿನ್‌ನಲ್ಲಿ ಓಡಿಸದೆ, ಪ್ರತ್ಯೇಕ ಖಾತೆಯೊಂದರ ಅಡಿಯಲ್ಲಿ, ತೆರೆಮರೆಯಲ್ಲಿ ನಡೆಯುವ ವಿಂಡೋಸ್ ಸೇವೆಯಾಗಿ ಓಡಿಸುವುದು. ಹಂಚಿಕೆಯ ಫೋಲ್ಡರ್‌ನ ಅನುಮತಿಗಳಲ್ಲಿ ಆ ಖಾತೆಗೆ ಮಾತ್ರ ಬರೆಯುವ ಹಕ್ಕು, ಉಳಿದವರಿಗೆ ಓದುವ ಹಕ್ಕು. ಆಗ ಗುಮಾಸ್ತರು ನಮೂನೆ ತೆರೆಯಬಹುದು, ತುಂಬಬಹುದು, ಮುದ್ರಿಸಬಹುದು. ಉಳಿಸಲು ಹೋದರೆ ಬೇರೆ ಜಾಗ ತೋರಿಸೆಂದು ವರ್ಡ್ ಕೇಳುತ್ತದೆ. ವರ್ಡ್ ಮಾದರಿಗಳನ್ನು ‘ಡಾಟ್‌ಎಕ್ಸ್’ ರೂಪದಲ್ಲಿ ಇಟ್ಟರೆ ಇನ್ನೂ ಒಳ್ಳೆಯದು, ಎರಡು ಬಾರಿ ಒತ್ತಿದಾಗ ಮೂಲದ ಬದಲು ಹೊಸ ದಾಖಲೆ ತೆರೆದುಕೊಳ್ಳುತ್ತದೆ. ಈ ಏರ್ಪಾಡು ಮಾಡಿದ ಮೇಲೆ ನನ್ನ ಮಟ್ಟಿಗೆ ಸಿಂಕ್‌ಥಿಂಗ್ ನಿಜವಾದ ಅರ್ಥದಲ್ಲಿ ಹಂಚಿಕೆಯ ಸಾಧನವಾಯಿತು.

ತೆರೆದಿಟ್ಟ ಕಡತಗಳ ಕಿರಿಕಿರಿ ಇಲ್ಲೂ ಇದ್ದೇ ಇದೆ. ಯಾರೋ ದರಪಟ್ಟಿಯ ಎಕ್ಸೆಲ್ ಕಡತವನ್ನು ತೆರೆದಿಟ್ಟಿದ್ದರೆ ವಿಂಡೋಸ್ ಅದನ್ನು ಬದಲಿಸಲು ಬಿಡುವುದಿಲ್ಲ. ಸಿಂಕ್‌ಥಿಂಗ್ ಅದನ್ನು ವಿಫಲವಾದ ಕಡತಗಳ ಪಟ್ಟಿಯಲ್ಲಿ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸುತ್ತದೆ. ರೋಬೋಕಾಪಿಯಂತೆ ಅಲ್ಲೇ ಕಟ್ಟಿಬೀಳುವುದಿಲ್ಲ, ಉಳಿದ ಕಡತಗಳು ಸರಾಗವಾಗಿ ಬರುತ್ತವೆ. ಆದರೂ ಬೆಳಗ್ಗೆ ತೆರೆದ ಹಾಳೆಯನ್ನು ಸಂಜೆಯವರೆಗೆ ಮುಚ್ಚದವರ ಪರದೆಯಲ್ಲಿ ಹಳೆಯ ದರವೇ ಇರುತ್ತದೆ. ಓದಲಷ್ಟೇ ಬೇಕಾದ ಎಲ್ಲವನ್ನೂ ಪಿಡಿಎಫ್ ಮಾಡಿ ಹಂಚುವುದು, ದರ ಬದಲಾಗುವ ದಿನ ಕಚೇರಿ ಶುರುವಾಗುವ ಮೊದಲೇ ಕಡತ ಇಡುವುದು, ಇವೆರಡು ಸೇರಿದರೆ ಈ ತೊಂದರೆ ಬಹುಮಟ್ಟಿಗೆ ಕರಗುತ್ತದೆ.

ಪ್ರಧಾನ ಕಚೇರಿಯ ಕಾರ್ಯದರ್ಶಿಗಳು ಅತ್ಯಂತ ಮೆಚ್ಚಿದ್ದು ನಾನು ಮೆಚ್ಚಿದ ಯಾವುದನ್ನೂ ಅಲ್ಲ, ಸ್ಥಿತಿ ತೋರಿಸುವ ಪರದೆಯನ್ನು. ಬ್ರೌಸರ್‌ನಲ್ಲಿ ತೆರೆಯುವ ಆ ಪುಟದಲ್ಲಿ ಪ್ರತಿ ಕಂಪ್ಯೂಟರ್‌ನ ಹೆಸರಿನ ಮುಂದೆ ಅದು ಪೂರ್ತಿ ಪಡೆದಿದೆಯೋ, ಶೇಕಡಾ ಎಷ್ಟು ಪಡೆದಿದೆಯೋ, ಸಂಪರ್ಕ ತಪ್ಪಿದ್ದರೆ ಕೊನೆಗೆ ಯಾವಾಗ ಕಂಡಿತ್ತೋ ಎಂಬ ವಿವರ ಇರುತ್ತದೆ. ಜಾವಕ ವಹಿಯಲ್ಲಿ ಪತ್ರದ ಸಂಖ್ಯೆ ಬರೆದು, ಪಡೆದವರ ಸಹಿ ಹಾಕಿಸಿಕೊಳ್ಳುವ ಕ್ರಮದಲ್ಲಿ ಬೆಳೆದ ಕಚೇರಿಗೆ ಈ ಪರದೆ ಆ ವಹಿಯದೇ ಇನ್ನೊಂದು ರೂಪ. ಆಳಂದದವರು ಸುತ್ತೋಲೆ ಬಂದಿಲ್ಲವೆಂದರೆ ಈಗ ಪರದೆ ನೋಡಿ ಉತ್ತರ ಹೇಳಬಹುದು. ಆದರೆ ಅದು ಕಡತ ಕಂಪ್ಯೂಟರನ್ನು ಮುಟ್ಟಿದ್ದಕ್ಕೆ ಸಾಕ್ಷಿಯೇ ವಿನಾ ಮನುಷ್ಯರು ಓದಿದ್ದಕ್ಕೆ ಸಾಕ್ಷಿಯಲ್ಲ. ಸಹಿ ಬೇಕಾದ ಸುತ್ತೋಲೆಗಳಿಗೆ ಸಹಿಯ ಕ್ರಮವನ್ನು ಉಳಿಸಿಕೊಂಡಿದ್ದೇವೆ.

ಕನ್ನಡದ ವಿಷಯದಲ್ಲಿ ಎರಡು ಮಾತು. ಯೂನಿಕೋಡ್ ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಯಾವ ಅಡ್ಡಿಯೂ ಇಲ್ಲದೆ ಹೋಗಿಬರುತ್ತವೆ. ಆದರೆ ಹಳೆಯ ನುಡಿಯ ಆಸ್ಕಿ ವಿಧಾನದಲ್ಲೇ ಕಡತದ ಹೆಸರನ್ನೂ ಬೆರಳಚ್ಚು ಮಾಡುವ ಅಭ್ಯಾಸ ಕೆಲವರಿಗಿದೆ. ಅದು ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿ ಕಾಣುತ್ತದೆ, ಸಿಂಕ್‌ಥಿಂಗ್ ಅದನ್ನು ಅಷ್ಟೇ ನಿಷ್ಠೆಯಿಂದ ಎಲ್ಲೆಡೆ ಹಂಚುತ್ತದೆ. ಇನ್ನು ಅಕ್ಷರಶೈಲಿಗಳು. ಫಾಂಟ್ ಕಡತವನ್ನು ಫೋಲ್ಡರ್‌ಗೆ ತಲುಪಿಸಿದ ಮಾತ್ರಕ್ಕೆ ಅದು ವರ್ಡ್‌ನ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ವಿಂಡೋಸ್‌ನಲ್ಲಿ ಅದನ್ನು ಸ್ಥಾಪಿಸಬೇಕು, ಅಂದರೆ ನೋಂದಣಿಯಾಗಬೇಕು. ಸಿಂಕ್‌ಥಿಂಗ್ ಕಡತಗಳನ್ನು ಸಾಗಿಸುತ್ತದೆ, ಏನನ್ನೂ ಸ್ಥಾಪಿಸುವುದಿಲ್ಲ. ತಂತ್ರಾಂಶಗಳನ್ನೂ ಫಾಂಟ್‌ಗಳನ್ನೂ ದೂರದಿಂದಲೇ ಸ್ಥಾಪಿಸುವ ಅಪೇಕ್ಷೆಯಿಂದ ಇದನ್ನು ತಂದವರಿಗೆ ನಿರಾಸೆಯಾಗುತ್ತದೆ.

ಅಳಿಸುವಿಕೆಯ ಬಗ್ಗೆ ಎಚ್ಚರಿಕೆ. ಮೂಲದಲ್ಲಿ ಅಳಿಸಿದ ಕಡತ ಎಲ್ಲ ಕಡೆ ಅಳಿಯುತ್ತದೆ, ಮೂಲದಲ್ಲಿ ಕೆಟ್ಟದ್ದು ಎಲ್ಲ ಕಡೆ ಕೆಡುತ್ತದೆ. ಮೂಲ ಕಂಪ್ಯೂಟರ್‌ಗೆ ಸುಲಿಗೆಯ ವೈರಸ್ ತಗುಲಿ ಕಡತಗಳು ಬೀಗ ಬಿದ್ದರೆ ಆ ಬೀಗ ಬಿದ್ದ ಪ್ರತಿಗಳೇ ಜೇವರ್ಗಿಯನ್ನೂ ಶಹಾಪುರವನ್ನೂ ತಲುಪುತ್ತವೆ. ಇದನ್ನು ಬ್ಯಾಕಪ್ ಎಂದು ತಿಳಿದವರು ತಮ್ಮ ತಿಳಿವಳಿಕೆಯನ್ನು ಇಂದೇ ತಿದ್ದಿಕೊಳ್ಳಬೇಕು. ಹಳೆಯ ಪ್ರತಿಗಳನ್ನು ಉಳಿಸುವ ವ್ಯವಸ್ಥೆ ಇದೆ, ಆದರೆ ಅದು ತಾನಾಗಿ ಚಾಲೂ ಇರುವುದಿಲ್ಲ. ಚಾಲೂ ಮಾಡಬೇಕಾದದ್ದು ಪಡೆಯುವ ಕಂಪ್ಯೂಟರ್‌ನಲ್ಲಿ, ಏಕೆಂದರೆ ಹೊರಗಿನಿಂದ ಬಂದ ಬದಲಾವಣೆಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಪ್ರತಿ ಶಾಖೆಯಲ್ಲೂ ಬೇಕಿಲ್ಲ, ಒಂದೆರಡು ಕಡೆ ಸಾಕು. ಹಾಗೆಯೇ ಲೆಕ್ಕಪತ್ರ ತಂತ್ರಾಂಶದ ದತ್ತಾಂಶದ ಫೋಲ್ಡರನ್ನು ಇದರೊಳಗೆ ತರಲೇಬಾರದು. ಬಳಕೆಯಲ್ಲಿರುವ ದತ್ತಸಂಚಯದ ಕಡತಗಳನ್ನು ಹೊರಗಿನಿಂದ ಒಂದೊಂದಾಗಿ ನಕಲಿಸಿದರೆ ಅವು ಪರಸ್ಪರ ತಾಳೆಯಾಗದ ಸ್ಥಿತಿ ತಲುಪುತ್ತವೆ, ಆಮೇಲೆ ತೆರೆಯುವುದೇ ಇಲ್ಲ.

ಊರಾಚೆಯ ಶಾಖೆಗಳಿಗೆ ಕಡತ ಹೋಗುವುದು ಅಂತರ್ಜಾಲದ ಮೂಲಕ. ನೇರ ಸಂಪರ್ಕ ಸಾಧ್ಯವಾದರೆ ಸರಿ. ಮೊಬೈಲ್ ಡಾಂಗಲ್‌ನಲ್ಲಿ ನಡೆಯುವ ಶಾಖೆಗಳಲ್ಲಿ ಅದು ಆಗಾಗ ಸಾಧ್ಯವಾಗುವುದಿಲ್ಲ, ಆಗ ಸ್ವಯಂಸೇವಕರು ನಡೆಸುವ ಮಧ್ಯವರ್ತಿ ರಿಲೇಗಳ ಮೂಲಕ ಕಡತ ಹಾಯುತ್ತದೆ. ಗೂಢಲಿಪೀಕರಣ ಈ ತುದಿಯಿಂದ ಆ ತುದಿಯವರೆಗೆ ಇರುವುದರಿಂದ ರಿಲೇ ನಡೆಸುವವರಿಗೆ ಒಳಗಿನದು ಕಾಣುವುದಿಲ್ಲ, ಆದರೆ ವೇಗ ಮಂದ. ಒಂದೇ ಕಟ್ಟಡದೊಳಗೆ ಮಾತ್ರ ಬಳಸುವವರು ರಿಲೇ ಹಾಗೂ ಅಂತರ್ಜಾಲದಲ್ಲಿ ಇತರ ಕಂಪ್ಯೂಟರ್‌ಗಳ ವಿಳಾಸ ಹುಡುಕುವ ಜಾಗತಿಕ ಹುಡುಕಾಟ ಎರಡನ್ನೂ ಆಫ್ ಮಾಡಬಹುದು. ಫೈರ್‌ವಾಲ್‌ನಲ್ಲಿ 22000ನೆಯ ಪೋರ್ಟ್ ಕಡತಗಳಿಗೆ, 21027ನೆಯದು ಸ್ಥಳೀಯ ಹುಡುಕಾಟಕ್ಕೆ ತೆರೆದಿರಬೇಕು. ನಿರ್ವಹಣೆಯ ಪುಟ 8384ರಲ್ಲಿ, ಆಯಾ ಕಂಪ್ಯೂಟರ್‌ಗೆ ಮಾತ್ರ ಕಾಣುವಂತೆ ತೆರೆಯುತ್ತದೆ. ಆದರೂ ಅದಕ್ಕೊಂದು ಪಾಸ್‌ವರ್ಡ್ ಇಡುವುದು ಮೊದಲ ದಿನದ ಕೆಲಸ.

ಅನುಸ್ಥಾಪನೆಯೇ ಇದರ ದುರ್ಬಲ ಭಾಗ. ಎಲ್ಲ ಕಂಪ್ಯೂಟರ್‌ಗಳನ್ನು ಒಂದೆಡೆ ಕೂತು ಹೊಂದಿಸುವ ಕೇಂದ್ರ ನಿಯಂತ್ರಣ ಇದರಲ್ಲಿಲ್ಲ. ಪ್ರತಿ ಕಂಪ್ಯೂಟರ್‌ನ ಮುಂದೆ ಕೂರಬೇಕು, ಗುರುತು ನಮೂದಿಸಬೇಕು, ಎರಡೂ ಕಡೆ ಒಪ್ಪಿಗೆ ಕೊಡಬೇಕು, ಫೋಲ್ಡರ್‌ನ ದಿಕ್ಕು ಸರಿಪಡಿಸಬೇಕು. ಯೋಜನೆಯವರು ಕೊಡುವುದು ಬರಿಯ ಚಾಲನಾ ಕಡತ; ವಿಂಡೋಸ್‌ಗೆ ಅನುಸ್ಥಾಪಕ ಪೊಟ್ಟಣವನ್ನು ಬಳಕೆದಾರರ ಸಮುದಾಯದವರು ರೂಪಿಸಿದ್ದಾರೆ, ಸೇವೆಯಾಗಿ ಸ್ಥಾಪಿಸಲು ಅದೇ ಅನುಕೂಲ. ನಮ್ಮ ಭಾಗದಲ್ಲಿ ಒಂದು ಕಂಪ್ಯೂಟರನ್ನು ಸಿದ್ಧಪಡಿಸಿ ಅದರ ಡಿಸ್ಕನ್ನೇ ಉಳಿದವಕ್ಕೆ ಕ್ಲೋನ್ ಮಾಡುವ ರೂಢಿ ಬಲವಾಗಿರುವುದರಿಂದ ಒಂದು ಮಾತು ಸೇರಿಸುತ್ತೇನೆ: ಕ್ಲೋನ್ ಮಾಡುವ ಮುನ್ನ ಸಿಂಕ್‌ಥಿಂಗ್‌ನ ಪ್ರಮಾಣಪತ್ರ ಮತ್ತು ಕೀಲಿಯ ಕಡತಗಳನ್ನು ಅಳಿಸಬೇಕು, ಇಲ್ಲವಾದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಗುರುತಿನವಾಗಿ ಜಾಲವೇ ಗೊಂದಲಕ್ಕೆ ಬೀಳುತ್ತದೆ. ಇಂಟ್ರೊಡ್ಯೂಸರ್ ಆಯ್ಕೆ ಪರಿಚಯದ ಹೊರೆಯನ್ನು ಇಳಿಸುತ್ತದೆ ನಿಜ, ಆದರೂ ಮೂವತ್ತು ದಾಟಿದ ಮೇಲೆ ಈ ಕೆಲಸ ಬೇಸರ ತರಿಸುತ್ತದೆ, ನೂರು ದಾಟುವ ಸಂಸ್ಥೆಗಳು ಡೊಮೇನ್ ಸರ್ವರ್‌ಗೇ ಹಣ ತೆಗೆದಿಡುವುದು ಮೇಲು.

2025ರ ಆಗಸ್ಟ್‌ನಲ್ಲಿ ಎರಡನೆಯ ಪ್ರಧಾನ ಆವೃತ್ತಿ ಬಂದಿದ್ದು, ಒಳಗಿನ ದಾಖಲೆ ಸಂಗ್ರಹ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯಕ್ಕೆ ಬದಲಾಗಿದೆ. ಮೊದಲ ಬಾರಿ ಓಡಿಸಿದಾಗ ಹಳೆಯ ಸಂಗ್ರಹವನ್ನು ಹೊಸದಕ್ಕೆ ಸಾಗಿಸಲು ಅದು ಸಮಯ ತೆಗೆದುಕೊಳ್ಳುತ್ತದೆ; ನಿಧಾನಗತಿಯ ಹಾರ್ಡ್‌ಡಿಸ್ಕ್ ಇರುವ ಯಂತ್ರಗಳಲ್ಲಿ ಗಾಬರಿಯಾಗಿ ನಡುವೆ ಆರಿಸಬಾರದು. ಇತ್ತೀಚಿನ ಆವೃತ್ತಿಗಳು ವಿಂಡೋಸ್ 7ರಲ್ಲಿ ಓಡುವುದಿಲ್ಲ ಎಂಬುದನ್ನೂ ಖರೀದಿ ಸಮಿತಿಗಳು ಗಮನಿಸಬೇಕು. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಜಾರಿದ್ದರೆ ಅದನ್ನು ಮೊದಲು ಬದಲಿಸಬೇಕು; ಎರಡೂ ದಿಕ್ಕಿನ ಫೋಲ್ಡರ್‌ಗಳಲ್ಲಿ ಒಂದೇ ಕಡತವನ್ನು ಇಬ್ಬರು ತಿದ್ದಿದಾಗ, ತಿದ್ದಿದ ಸಮಯ ಹಳೆಯದೆಂದು ಕಂಡ ಪ್ರತಿಯೇ ‘ಸಿಂಕ್ ಕಾನ್‌ಫ್ಲಿಕ್ಟ್’ ಎಂಬ ಬಾಲದೊಂದಿಗೆ ಬದಿಗೆ ಸರಿಯುವುದರಿಂದ, ತಪ್ಪು ಗಡಿಯಾರದ ಕಂಪ್ಯೂಟರ್‌ನಲ್ಲಿ ಮಾಡಿದ ಹೊಸ ಕೆಲಸ ಸೋಲುತ್ತದೆ. ನಮ್ಮ ಶಹಾಪುರ ಶಾಖೆಯಲ್ಲಿ ಮುದ್ರಕಕ್ಕೆಂದೇ ಉಳಿಸಿಕೊಂಡಿರುವ ವಿಂಡೋಸ್ 7 ಯಂತ್ರವೊಂದು ಈ ವ್ಯವಸ್ಥೆಯ ಹೊರಗೇ ಇದೆ. ಅದರ ಬದಲಿಗೆ ಹೊಸದನ್ನು ಕೊಳ್ಳುವ ಪ್ರಸ್ತಾವ ಆಡಳಿತ ಮಂಡಳಿಯ ಮುಂದಿದೆ, ಅಲ್ಲಿಯವರೆಗೆ ಆ ಒಂದಕ್ಕೆ ಪೆನ್‌ಡ್ರೈವ್.